ಪೀತಾಂಬರದ ಚೀಲದೊಳಗಿನ ಮೌಸು

ಪುಣೆ ಹತ್ತಿರದ ನಿಗಡಿಯ ನಮ್ಮ ಮನೆಯಲ್ಲಿ ಕಂಪ್ಯೂಟರಿನ ಮೌಸಿಗೆ ಒಂದು ಪೀತಾಂಬರದ ಚೀಲವಿತ್ತು. ಅತ್ತೆಯವರ ಹಳೆಯ ಪೀತಾಂಬರ ಮಡಿಕೆಯಲ್ಲಿ ಹರಿದಾಗ, ಅದರಲ್ಲಿ ಇನ್ನೂ ಗಟ್ಟಿ ಉಳಿದ ಭಾಗವನ್ನು ಕತ್ತರಿಸಿ ಅವರೇ ಹೊಲಿದದ್ದು. ತಳದಲ್ಲಿ ಕೆಂಪು ಬೆಳಕು ಹೊರಬೀಳಲು ನಾಲ್ಕಾಣೆ ಅಗಲದ ತೂತು, ಬಾಯಿಗೆ ಲಾಡಿ. ಮನೆಗೆ ಬಂದವರು ಅದನ್ನು ನೋಡಿ "ಇದಕ್ಕ ಥಂಡಿ ಆಗ್ತದೇನ್ರಿ?" ಎಂದು ನಗುತ್ತಿದ್ದರು. ನಾನೂ "ಹೌದ್ರಿ, ಭಾಳ ನಾಜೂಕದ" ಎನ್ನುತ್ತಿದ್ದೆ. ನಿಜವಾದ ಕಾರಣ ಹೇಳಿದರೆ ಅತ್ತೆಗೆ ಸಿಟ್ಟು ಬರುತ್ತಿತ್ತು, ಹೇಳದೆ ಇದ್ದರೆ ನನ್ನ ಹೊಟ್ಟೆ ಉಬ್ಬುತ್ತಿತ್ತು. ಈಗ ಅತ್ತೆ ಇಲ್ಲ. ಇನ್ನು ಹೇಳಬಹುದು.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷ ಆಗಿದ್ದಿರಬೇಕು. ನಾನು ಶಿವಾಜಿನಗರದ ಒಂದು ಕಾಲೇಜಿನಲ್ಲಿ ಮಧ್ಯಾಹ್ನದ ಪಾಳಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಮಾವ ಊರಿನಲ್ಲಿ ಹೊಲಮನೆ ನೋಡಿಕೊಂಡಿದ್ದರು, ಗಂಡ ಬೆಳಗಾಗುವುದರೊಳಗೆ ಕಾರ್ಖಾನೆಯ ಬಸ್ಸು ಹಿಡಿಯುತ್ತಿದ್ದರು. ಆಮೇಲೆ ನಾನು ಲೋಕಲ್ ರೈಲಿಗೆ ಹೊರಡುವ ಹನ್ನೆರಡೂವರೆಯ ತನಕ ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ಅತ್ತೆ. ಅತ್ತೆ ಧಾರವಾಡದವರು, ಮಡಿಯಲ್ಲಿ ಬಲು ಕಟ್ಟುನಿಟ್ಟು. ಬೆಳಿಗ್ಗೆ ಸ್ನಾನ ಮಾಡಿ ಮಡಿಸೀರೆ ಉಟ್ಟರೆಂದರೆ ಅಡಿಗೆಯಾಗಿ ದೇವರಿಗೆ ನೈವೇದ್ಯ ಆಗುವ ತನಕ ಏನನ್ನೂ ಮುಟ್ಟುವಂತಿಲ್ಲ. ಫೋನು, ಟಿವಿಯ ರಿಮೋಟು, ಬಾಗಿಲಿನ ಚಿಲಕ, ಸೊಸೆ, ಎಲ್ಲವೂ ಮೈಲಿಗೆ.

ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಬೆಳಗಾವಿಯಿಂದ ಫೋನು ಬರುತ್ತಿತ್ತು. ಅತ್ತೆಯ ತಂಗಿ, ನಮಗೆಲ್ಲ ಮಾವಶಿ. ನಾನು ಓಡಿಹೋಗಿ ಫೋನನ್ನು ಸ್ಟೂಲಿನ ಮೇಲಿಟ್ಟು ಅಡಿಗೆಮನೆಯ ಹೊಸ್ತಿಲ ಹತ್ತಿರ ತಳ್ಳಿ, ಸ್ಪೀಕರಿನ ಗುಂಡಿ ಒತ್ತಬೇಕು. ಅತ್ತೆ ಒಳಗಿನಿಂದ ಚಪಾತಿ ಲಟ್ಟಿಸುತ್ತ ಕೂಗಿ ಮಾತಾಡುತ್ತಿದ್ದರು. ಹೀಗಾಗಿ ಅಕ್ಕತಂಗಿಯರ ಮಾತು ಎರಡೂ ಕಡೆಯಿಂದ ನನಗೆ ಕೇಳುತ್ತಿತ್ತು. ಕೇಳುವ ಮನಸ್ಸಿರಲಿಲ್ಲ ಎಂದು ಸುಳ್ಳು ಹೇಳಲಾರೆ.

ಮಾತೆಲ್ಲ ಹಿಂದಿನ ಸಂಜೆ ಏಳೂವರೆಯ ಕನ್ನಡ ಧಾರಾವಾಹಿಯದು. ಆ ಮನೆಯ ದೊಡ್ಡ ಸೊಸೆ ಹೀಗೆ ಮಾಡಿದಳು, ಸಣ್ಣ ಸೊಸೆ ಹಾಗೆ ಅಂದಳು, ಅಜ್ಜ ಯಾಕೆ ಸುಮ್ಮನಿದ್ದ. ಆರೋಗ್ಯದ ಮಾತಿಲ್ಲ, ಮನೆಯ ಮಾತಿಲ್ಲ. ಅದಕ್ಕೆ ಕಾರಣವಿತ್ತು. ಅದಕ್ಕೂ ಹಿಂದೆ ನಾಲ್ಕು ವರ್ಷ ಇವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಮಾವಶಿಯ ಮಗನಿಗೆ ಹುಡುಗಿ ನೋಡಲು ಹೋದಾಗ ಅತ್ತೆ ಎಲ್ಲರೆದುರು, "ಈ ಹುಡುಗಿ ಬಂದ್ಲಂದ್ರ ನಿನ್ನ ಮನ್ಯಾಗ ನಿನಗ ಕೂಡ್ಲಿಕ್ಕೆ ಜಾಗಾ ಇರೂದಿಲ್ಲ ನೋಡು" ಎಂದುಬಿಟ್ಟಿದ್ದರು. ಮಾವಶಿ ಹಟಕ್ಕೆ ಬಿದ್ದು ಅದೇ ಹುಡುಗಿಯನ್ನು ತಂದರು. ಮದುವೆಗೆ ಅತ್ತೆ ಹೋಗಲಿಲ್ಲ. ನಾಲ್ಕು ವರ್ಷ ಮಾತು ಬಂದ್.

ಆಮೇಲೆ ಒಂದು ದಿನ, ಯಾವ ಪೀಠಿಕೆಯೂ ಇಲ್ಲದೆ ಮಾವಶಿಯ ಫೋನು ಬಂತು. "ಅಕ್ಕಾ, ನಿನ್ನೆ ಕರೆಂಟ್ ಹೋಗಿತ್ತು. ಧಾರಾವಾಹ್ಯಾಗ ಕಡೀಕ ಏನಾತು?" ಅತ್ತೆ ಲಟ್ಟಣಿಗೆ ಕೈಯಲ್ಲಿ ಹಿಡಿದು ಹಾಗೆಯೇ ನಿಂತರು. ಆಮೇಲೆ ಕಡೆಗೆ ಏನಾಯಿತು ಎಂಬುದನ್ನು ಸವಿಸ್ತಾರವಾಗಿ ಹೇಳಿದರು. ಮಾವಶಿ "ಹಂಗೇನು" ಅಂದು ಇಟ್ಟರು. ಮರುದಿನ ಹನ್ನೊಂದಕ್ಕೆ ಮತ್ತೆ ಬಂತು. ಹಳೆಯ ಜಗಳವನ್ನು ಇಬ್ಬರೂ ಎತ್ತಲಿಲ್ಲ, ಧಾರಾವಾಹಿಯನ್ನು ಇಬ್ಬರೂ ಬಿಡಲಿಲ್ಲ.

ಹೀಗಿರುವಾಗ ನಮ್ಮ ಕೇಬಲ್‌ನವನು ಒಂದು ಸೋಮವಾರ ಆ ಕನ್ನಡ ಚಾನಲ್ಲನ್ನು ತೆಗೆದುಹಾಕಿದ. ಅದೇ ನಂಬರಿನಲ್ಲಿ ಒಡವೆ ಮಾರುವ ಚಾನಲ್ ಬರತೊಡಗಿತು. ಅತ್ತೆ ಎರಡು ಸಂಜೆ ಏಳೂವರೆಗೆ ಸರಿಯಾಗಿ ಕೂತು, ಯಾವುದೋ ಕೈ ಒಂದು ನೆಕ್ಲೇಸನ್ನು ತಿರುಗಿಸುವುದನ್ನು ನೋಡಿದರು. ಮೂರನೆಯ ದಿನ ನಾನು ಹೋಗಿ ಜಗಳ ತೆಗೆದೆ. "ಕಾಕೂ, ಕಾನಡಿ ಕೋಣ್ ಬಘ್ತಂಯ್ ಇಥಂ?" ಎಂದು ಅವನು ನಕ್ಕ. ಇಲ್ಲಿ ಕನ್ನಡ ನೋಡುವವರು ಯಾರು ಎಂಬುದು ಅವನ ಪ್ರಶ್ನೆ. ಮೂವತ್ತಾರು ಮನೆಗಳ ಸೊಸೈಟಿಯಲ್ಲಿ ನಾವೊಬ್ಬರೇ ಕನ್ನಡದವರು, ಏನು ಹೇಳಲಿ? ಡಿಶ್ ಹಚ್ಚೋಣವೆಂದರೆ ನಮ್ಮ ಗ್ಯಾಲರಿ ತಪ್ಪು ದಿಕ್ಕಿಗಿತ್ತು, ಗಚ್ಚಿಯ ಮೇಲೆ ಹಚ್ಚಲು ಸೊಸೈಟಿಯ ಸೆಕ್ರೆಟರಿ ಒಪ್ಪಲಿಲ್ಲ.

"ಹೋಗ್ಲಿ ಬಿಡ್ರಿ, ಬ್ಯಾರೆ ಏನರೆ ನೋಡ್ರಿ" ಎಂದೆ ಅತ್ತೆಗೆ.

"ನಾ ಬ್ಯಾರೆದ್ದು ನೋಡಿದ್ರ ಆಕಿ ಕೂಡ ಏನು ಮಾತಾಡ್ಲಿ?" ಎಂದರು. "ಮಾತಿಗೆ ಏನೂ ಇಲ್ಲಂದ್ರ ಮತ್ತ ಹಳೇದ ಬರ್ತದ. ಹಳೇದು ಬಂತಂದ್ರ ಆಕಿ ಮತ್ತ ಫೋನ್ ಮಾಡೂದಿಲ್ಲ." ಅವರ ದನಿಯಲ್ಲಿ ಹೆದರಿಕೆಯಿತ್ತು. ನನ್ನನ್ನು ಅಷ್ಟೊಂದು ರೇಗಿಸುವ ಮುದುಕಿಗೆ ಹೆದರಿಕೆಯೂ ಆಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಅಂತರ್ಜಾಲದಲ್ಲಿ ಹುಡುಕಿದೆ. ಪರದೇಶದಲ್ಲಿದ್ದ ಯಾರೋ ಪುಣ್ಯಾತ್ಮರು ಪ್ರತಿ ಕಂತನ್ನೂ ಮೂರು ತುಂಡು ಮಾಡಿ ಏರಿಸುತ್ತಿದ್ದರು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹಿಂದಿನ ಸಂಜೆಯದು ಸಿದ್ಧವಾಗಿರುತ್ತಿತ್ತು. ಆದರೆ ಕಂಪ್ಯೂಟರ್ ಮಲಗುವ ಕೋಣೆಯ ಮೂಲೆಯಲ್ಲಿ, ಅತ್ತೆ ಅಡಿಗೆಮನೆಯಲ್ಲಿ. ಅಲ್ಲಿಂದ ಕಾಣುವುದು ನಡುಮನೆಯ ಟಿವಿ ಮಾತ್ರ. ಕಂಪ್ಯೂಟರನ್ನೇ ನಡುಮನೆಗೆ ಎಳೆದುತಂದೆ. ಅಂಗಡಿಯವನಿಂದ ಚಿತ್ರಕ್ಕೊಂದು ದನಿಗೊಂದು ವಾಯರು ತಂದು ಟಿವಿಯ ಬೆನ್ನಿಗೆ ಚುಚ್ಚಿದೆ. ಮೊದಲ ದಿನ ಚಿತ್ರ ಕಪ್ಪು ಬಿಳುಪಾಗಿ ಬಂತು.

"ಬಣ್ಣ ಎಲ್ಲೆ ಹೋತು? ಸೊಸಿ ಮಾರಿ ಬೂದಿ ಬಡಕೊಂಡಂಗ ಕಾಣ್ತದ" ಎಂದು ಅತ್ತೆ ಮೂಗು ಮುರಿದರು. ಯಾವುದೋ ಒಂದು ಸೆಟ್ಟಿಂಗ್ ಬದಲಿಸಲು ನನಗೆ ಮೂರು ದಿನ ಹಿಡಿಯಿತು. ಬಣ್ಣ ಬಂದ ದಿನ ಅತ್ತೆ ಬಾಯಿಬಿಟ್ಟು ಹೊಗಳಲಿಲ್ಲ. ನನ್ನ ತಾಟಿನಲ್ಲಿ ಎರಡು ಚಮಚೆ ತುಪ್ಪ ಹೆಚ್ಚಿಗೆ ಬಿತ್ತು.

ಉಳಿದದ್ದು ಮಡಿಯ ತೊಡಕು. ಪ್ರತಿ ತುಂಡು ಮುಗಿದಾಗ ಮುಂದಿನದನ್ನು ಒತ್ತಬೇಕು. ಒಗ್ಗರಣೆ ಚಟಪಟ ಅಂದಾಗ ನಿಲ್ಲಿಸಬೇಕು. ಪ್ರತಿಸಲ "ಏ ಹುಡುಗೀ!" ಎಂಬ ಕೂಗು. ನಾನು ಸ್ನಾನಕ್ಕೆ ಹೋದರೂ ಕೂಗು, ಪ್ರಶ್ನೆಪತ್ರಿಕೆ ಬರೆಯಲು ಕೂತರೂ ಕೂಗು. ನಾಲ್ಕು ದಿನಕ್ಕೆ ಸಾಕಾಗಿ, "ರೇಷ್ಮಿಗೆ ಮೈಲಿಗಿ ಇಲ್ಲ ಅಂತೀರಲ್ಲ, ಈ ಮೌಸಿಗೂ ಒಂದು ರೇಷ್ಮಿ ಉಡಸ್ರಿ" ಎಂದು ಚುಚ್ಚಿದೆ. ಅತ್ತೆ ಅದನ್ನು ಚುಚ್ಚುಮಾತೆಂದು ತಿಳಿಯಲೇ ಇಲ್ಲ. ಅಂದು ಮಧ್ಯಾಹ್ನವೇ ಕತ್ತರಿ, ಸೂಜಿ ಹಿಡಿದು ಕೂತರು. ಮರುದಿನದಿಂದ ಪೀತಾಂಬರ ಧರಿಸಿದ ಮೌಸು ಹೊಸ್ತಿಲ ಪಕ್ಕದ ಮಣೆಯ ಮೇಲೆ ವಿರಾಜಮಾನವಾಯಿತು. ಅತ್ತೆ ಎರಡೇ ಬೆರಳಿನಿಂದ ಅದನ್ನು ಒತ್ತಿ ಸೊಸೆಯರನ್ನು ನಿಲ್ಲಿಸುತ್ತಿದ್ದರು, ಬೇಕಾದಾಗ ಬಿಡುತ್ತಿದ್ದರು. ಚಿತ್ರ ಸಿಕ್ಕಿಕೊಂಡು ಪರದೆಯ ಮೇಲೆ ಚಕ್ರ ತಿರುಗತೊಡಗಿದರೆ, "ಗಿರಗಟ್ಟಿ ಹತ್ತಿತು" ಎನ್ನುತ್ತ ಎರಡು ಚಪಾತಿ ಲಟ್ಟಿಸಿ ಮುಗಿಸುತ್ತಿದ್ದರು. ಹನ್ನೊಂದಕ್ಕೆ ಮಾವಶಿಯ ಫೋನು. ಎಲ್ಲ ಸುರಳೀತವಾಯಿತು.

ಆ ದಿನಗಳಲ್ಲೇ ಒಮ್ಮೆ ಮಾವಶಿ, "ನಮ್ಮನ್ಯಾಗ ಹೊಸಾ ಟಿವಿ ತಂದಾರ ಅಕ್ಕಾ, ತೆಳ್ಳನ್ನದು. ಗ್ವಾಡಿಗೆ ಹಚ್ಚ್ಯಾರ" ಎಂದು ಹೇಳಿಕೊಂಡರು. ಅತ್ತೆಯೂ ಸೋಲುವವರಲ್ಲ. "ನಮ್ಮದು ಹಳೇದ ಇರ್ಲಿ, ನಾ ನಿಲ್ಲು ಅಂದ್ರ ನಿಲ್ತದ" ಎಂದರು.

ಇನ್ನು ನನ್ನ ಪಾಪದ ಭಾಗ. ಒಂದು ಬೆಳಿಗ್ಗೆ ನನ್ನ ಓಢಣಿಯ ತುದಿ ಅತ್ತೆಯ ಒಣಗುತ್ತಿದ್ದ ಮಡಿಸೀರೆಗೆ ತಾಗಿತು. ತಾಗಿತೋ ಇಲ್ಲವೋ, ಗಾಳಿಗೆ ಹಾರಿ ಹತ್ತಿರ ಹೋಗಿತ್ತು ಅಷ್ಟೆ. ಅತ್ತೆ ಸೀರೆಯನ್ನು ಮತ್ತೆ ನೀರಿಗೆ ಹಾಕಿದರು, ನನ್ನ ತವರುಮನೆಯ ಏಳು ತಲೆಮಾರನ್ನು ಅದರ ಜೊತೆಗೇ ಹಿಂಡಿದರು. ನಾನು ಕುದಿಯುತ್ತಿದ್ದೆ. ಅದೇ ದಿನ ಕಂತಿನ ಮೂರನೆಯ ತುಂಡು ಅಂತರ್ಜಾಲಕ್ಕೆ ಬಂದಿರಲಿಲ್ಲ. ಗಂಟೆ ಹತ್ತು ಐವತ್ತು.

"ಕಡೀಕ ಏನಾತು ನೋಡಲ್ಲಾ! ಈಗ ಆಕಿ ಫೋನ್ ಬರ್ತದ!" ಎಂದು ಅತ್ತೆ ಒಳಗಿನಿಂದ ಚಡಪಡಿಸಿದರು.

ನನ್ನ ಬಾಯಿಂದ ಮಾತು ತಾನಾಗಿ ಹೊರಬಿತ್ತು. "ಚಿತ್ರ ಬಂದಿಲ್ರಿ, ಬರೆದು ಹಾಕ್ಯಾರ. ಓದಿ ಹೇಳ್ಲೇನು?" ಎಂದೆ. ಬರೆದದ್ದು ಎಲ್ಲಿತ್ತು? ಕಂಪ್ಯೂಟರಿನಲ್ಲಿ ತೆರೆದಿದ್ದದ್ದು ನಾನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಪ್ರಯೋಗಶಾಲೆಯ ಪಾಠ. ಅದೇ ಟಿವಿಯ ಮೇಲೆ ದೊಡ್ಡದಾಗಿ ಮೂಡಿತು. ಅತ್ತೆಗೆ ಇಂಗ್ಲಿಷ್ ಬಾರದು. ನಾನು ಆಮ್ಲ, ಪ್ರತ್ಯಾಮ್ಲಗಳ ಮೇಲೆ ಕಣ್ಣಾಡಿಸುತ್ತ ಕನ್ನಡದಲ್ಲಿ ಓದಿದೆ: ಧಾರಾವಾಹಿಯ ಅತ್ತೆ ಮಡಿಯಲ್ಲಿದ್ದಾಗಲೇ, ಇನ್ನೂ ನೈವೇದ್ಯ ಆಗದ ಪಾಯಸದಲ್ಲಿ ಬೆರಳದ್ದಿ ರುಚಿ ನೋಡುತ್ತಾಳೆ. ದೊಡ್ಡ ಸೊಸೆ ಬಾಗಿಲ ಸಂದಿಯಿಂದ ಅದನ್ನು ನೋಡಿಬಿಡುತ್ತಾಳೆ.

"ಅಯ್ಯ ಅಯ್ಯ!" ಎಂದು ಅತ್ತೆ ಎರಡೂ ಕೆನ್ನೆ ಬಡಿದುಕೊಂಡರು. ನನಗೆ ಹೇಳಲಾರದಷ್ಟು ಸುಖವಾಯಿತು.

ಫೋನು ಬಂತು. ಅತ್ತೆ ಉಸಿರು ಬಿಡದೆ ಪಾಯಸದ ಕತೆ ಹೇಳಿದರು. ಆ ಕಡೆಯಿಂದ ಮಾವಶಿ, "ಹೌದಕ್ಕಾ, ನಾನೂ ನೋಡಿದೆ! ಬೆರಳು ಚೀಪಿ ಸೆರಗಿಗೆ ಒರಸಿಕೊಂಡ್ಲಲ್ಲ, ಏನು ಹೊಲಸು ಹೆಂಗಸು!" ಎಂದರು.

ನಾನು ಸ್ಟೂಲಿನ ಪಕ್ಕದಲ್ಲಿ ಕಲ್ಲಾಗಿ ನಿಂತೆ. ಸೆರಗು ನನ್ನ ಕತೆಯಲ್ಲೂ ಇರಲಿಲ್ಲ. ಮರುದಿನ ಆ ಮೂರನೆಯ ತುಂಡು ಬಂತು, ಕಾಲೇಜಿನಲ್ಲಿ ಒಬ್ಬಳೇ ನೋಡಿದೆ. ಪಾಯಸವಿಲ್ಲ, ಬೆರಳಿಲ್ಲ. ಪೊಲೀಸರು ಬಂದು ಅಜ್ಜನನ್ನು ಹಿಡಿದುಕೊಂಡು ಹೋಗಿದ್ದರು. ಅಂದರೆ ಬೆಳಗಾವಿಯಲ್ಲಿ ಮಾವಶಿ ಧಾರಾವಾಹಿ ನೋಡುತ್ತಲೇ ಇಲ್ಲ!

ಅದೇ ಕಡೆಯ ತುಂಡಾಯಿತು. ಆ ಪುಣ್ಯಾತ್ಮರು ಏರಿಸುವುದನ್ನು ನಿಲ್ಲಿಸಿಬಿಟ್ಟರು. ಅತ್ತೆಗೆ ಸತ್ಯ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ನನಗೆ ಮೋಜು ಹತ್ತಿತ್ತು. "ಇನ್ನು ಮ್ಯಾಲೆ ಬರೇ ಬರದ ಹಾಕ್ತಾರಂತ್ರಿ" ಎಂದೆ. ಪೀತಾಂಬರದ ಚೀಲ ಮಣೆಯ ಮೇಲೆ ಸುಮ್ಮನೆ ಕೂತಿತು, ಮೌಸು ನನ್ನ ಕೈಗೆ ಬಂತು. ದಿನಾ ಹತ್ತೂವರೆಗೆ ನನ್ನ ಪಾಠದ ಒಂದು ಪುಟ ಟಿವಿಗೆ ಏರುತ್ತಿತ್ತು, ನಾನು ಓದುತ್ತಿದ್ದೆ. ಅಜ್ಜನನ್ನು ಕಾಶಿಗೆ ಕಳಿಸಿದೆ. ಸನ್ಯಾಸಿಯಾಗಲು ಹೋದವನು ಎರಡನೆಯ ಹೆಂಡತಿಯೊಂದಿಗೆ ವಾಪಸು ಬಂದ. ಹನ್ನೊಂದಕ್ಕೆ ಮಾವಶಿ, "ನೋಡಿದೆ ನೋಡಿದೆ, ಆಕಿ ಸೀರಿ ಏನು ಛಂದಿತ್ತಲ್ಲ!" ಎಂದರು. ನಾನು ಬಾಯಿಗೆ ಸೆರಗು ತುರುಕಿಕೊಂಡು ಬಚ್ಚಲಿಗೆ ಓಡಿದೆ.

ಒಂದು ದಿನ ಪುಟದಲ್ಲಿ ಗಾಜಿನ ಬಾಟಲಿಯ ಚಿತ್ರವಿತ್ತು. ಅತ್ತೆ ಒಳಗಿನಿಂದಲೇ ಗಮನಿಸಿದರು. "ಅದೇನದು ಬಾಟ್ಲಿ?"

"ವಿಷದ್ದರಿ. ಸಣ್ಣ ಸೊಸಿ ತಂದು ಇಟ್ಟಾಳ."

"ಯಾರಿಗೆ?"

"ಅದನ್ನ ನಾಳೆ ಬರೀತಾರಂತ್ರಿ."

ಎರಡು ವಾರ ಹೀಗೆ ನಡೆಯಿತು. ಆಕುರ್ಡಿ ಸ್ಟೇಶನ್ನಿನಲ್ಲಿ ಲೋಕಲಿಗೆ ಕಾಯುತ್ತ ಮರುದಿನದ ಕತೆ ಹೆಣೆದು ಒಬ್ಬಳೇ ನಗುತ್ತಿದ್ದೆ. ಇಬ್ಬರು ಮುದುಕಿಯರನ್ನು ಕುಣಿಸುತ್ತಿದ್ದೇನೆಂಬ ಸೊಕ್ಕು. ಮಾವಶಿ ಯಾಕೆ ನೋಡುತ್ತಿಲ್ಲ, ನೋಡದೆ ಯಾಕೆ ನೋಡಿದೆ ಎನ್ನುತ್ತಾರೆ ಎಂದು ಒಮ್ಮೆಯೂ ಯೋಚಿಸಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಚೈತ್ರದ ಅರಿಷಿಣ ಕುಂಕುಮಕ್ಕೆ ಆಕುರ್ಡಿಯ ಒಬ್ಬ ಕನ್ನಡದ ಹೆಣ್ಣುಮಗಳು ನಮ್ಮಿಬ್ಬರನ್ನೂ ಕರೆದಿದ್ದಳು. ಅವಳ ಗಚ್ಚಿಯ ಮೇಲೆ ಡಿಶ್ ಇತ್ತು. ಅದನ್ನು ನೋಡಿದಾಗಲೇ, ಬೇಗ ಎದ್ದುಹೋಗೋಣ ಎಂದು ಅತ್ತೆಯ ಕಿವಿಯಲ್ಲಿ ಹೇಳಿದೆ. ಅತ್ತೆ ಮಾವಿನಕಾಯಿ ಹಾಕಿದ ಅಂಬೆ ಡಾಳದ ಬಟ್ಟಲು ಹಿಡಿದು ಎಲ್ಲರಿಗೂ ಕಾಶಿಯ ಕತೆ ಶುರು ಮಾಡಿಯೇಬಿಟ್ಟರು. ಆ ಹೆಣ್ಣುಮಗಳು ಕಣ್ಣರಳಿಸಿ, "ಎಲ್ಲಿ ಕಾಶಿ ಬಿಡ್ರಿ, ಅಜ್ಜ ಜೇಲಿನ್ಯಾಗ ಕೂತು ಹದಿನೈದು ದಿನಾ ಆತು! ನಾ ಒಂದು ದಿನಾ ತಪ್ಪಿಸಿಲ್ಲ" ಎಂದಳು.

ಅತ್ತೆ ನನ್ನ ಕಡೆ ನೋಡಿದರು. ಮತ್ತೆ ಆ ಹೆಣ್ಣುಮಗಳ ಕಡೆ ತಿರುಗಿ, "ನಂದು ಬ್ಯಾರೆ ಧಾರಾವಾಹಿ ಇರಬೇಕವಾ" ಎಂದು ಬಟ್ಟಲು ಕೆಳಗಿಟ್ಟರು. ರಿಕ್ಷಾದಲ್ಲಿ ಮನೆಗೆ ಬರುವ ತನಕ ಉಡಿಯಲ್ಲಿದ್ದ ನೆನೆಸಿದ ಕಡಲೆಯನ್ನು ಬಿಗಿಯಾಗಿ ಹಿಡಿದು ಕೂತಿದ್ದರು.

ಮರುದಿನ ಬೆಳಿಗ್ಗೆ ಅತ್ತೆ ಎಂದಿನಂತೆ ಮಡಿಯುಟ್ಟು ಹಿಟ್ಟು ನಾದತೊಡಗಿದರು. ನಾನು ಟಿವಿ ಹಚ್ಚಲಿಲ್ಲ. ಹತ್ತೂವರೆಗೆ ಅವರೇ ಕೇಳಿದರು.

"ನೀ ಓದಿದ್ದು ಒಂದೂ ಖರೆ ಅಲ್ಲ, ಹೌದಿಲ್ಲೊ?"

"ಹೌದ್ರಿ. ತಪ್ಪಾತರಿ" ಎಂದೆ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಬೈಗುಳ ಬರಲಿಲ್ಲ. ಅವರ ಕೈ ಹಿಟ್ಟಿನಲ್ಲೇ ನಿಂತಿತು.

"ಹಂಗಾದ್ರ ಆಕಿ ಏನು ನೋಡ್ಯಾಳ?"

ನಾನು ಸ್ಟೂಲನ್ನು ಹೊಸ್ತಿಲ ಹತ್ತಿರ ತಳ್ಳಿದೆ.

"ಗ್ವಾಡಿಗೆ ಟಿವಿ ಹಚ್ಚ್ಯಾರ ಅಂದ್ಲಲ್ಲ ಆವತ್ತ" ಎಂದು ಅತ್ತೆ ತಮಗೆ ತಾವೇ ಹೇಳಿಕೊಳ್ಳುವಂತೆ ನಿಧಾನಕ್ಕೆ ಹೇಳಿದರು. "ಯಾವ ಗ್ವಾಡಿಗೆ ಅಂತ ನಾ ಕೇಳಲೇ ಇಲ್ಲ. ಮಗಾ ಸೊಸಿ ಮಲಗೂ ಖೋಲ್ಯಾಗ ಹಚ್ಚಿರಬೇಕು. ಅಲ್ಲೆ ಈಕಿ ಹ್ಯಾಂಗ ಹೋಗಿ ಕೂಡ್ತಾಳ? ಹಳೇ ಟಿವಿ ಮಾರಿರಬೇಕು." ಮತ್ತೆ ಹಿಟ್ಟು ನಾದುತ್ತ, "ಕೂಡ್ಲಿಕ್ಕೆ ಜಾಗಾ ಇರೂದಿಲ್ಲ ಅಂತ ನಾನ ಅಂದಿದ್ದೆ" ಎಂದರು.

ನನಗೆ ಆಗ ಎಲ್ಲ ಹೊಳೆಯಿತು. ನೋಡಲು ಸಿಗುತ್ತಿಲ್ಲ ಎಂದು ಮಾವಶಿ ಒಪ್ಪಿಕೊಂಡರೆ, ಅಕ್ಕ ಎಂದೋ ಆಡಿದ ಮಾತು ಸರಿಯಾಗಿತ್ತೆಂದು ಒಪ್ಪಿಕೊಂಡಂತೆ. ಮತ್ತು ನಮ್ಮ ಅತ್ತೆಯ ಸ್ವಭಾವ ನನಗೆ ಗೊತ್ತಿತ್ತು. ತಾವು ಹೇಳಿದ್ದು ಸರಿಯಾದರೆ ಅವರು ಬಿಟ್ಟವರೇ ಅಲ್ಲ. ನಮ್ಮ ಮದುವೆಗೆ ಹಿಡಿದ ಮಂಗಲ ಕಾರ್ಯಾಲಯ ಸಣ್ಣದಾಗುತ್ತದೆ ಎಂದು ಅವರು ಮೊದಲೇ ಹೇಳಿದ್ದರಂತೆ, ಅದನ್ನು ಹನ್ನೊಂದು ವರ್ಷದಿಂದ ಪ್ರತಿ ಹಬ್ಬಕ್ಕೂ ಕೇಳುತ್ತ ಬಂದಿದ್ದೆ. ಇಂದು ಹನ್ನೊಂದಕ್ಕೆ ಇವರು "ನಾ ಹೇಳಿರಲಿಲ್ಲೇನು" ಎಂದು ಶುರು ಮಾಡಿದರೆ ಎಲ್ಲ ಮುಗಿಯಿತು. ನನ್ನ ಕುಚೇಷ್ಟೆಯಿಂದ ಒಬ್ಬರ ತಂಗಿ ಹೋಗುತ್ತಾಳಲ್ಲ ಎಂದು ನನಗೆ ಅಳು ಬಂದುಬಿಟ್ಟಿತು.

ಫೋನು ಬಂತು. ಒತ್ತಲೋ ಬೇಡವೋ ಎಂದು ನಿಂತೆ. "ಒತ್ತು" ಎಂದರು ಅತ್ತೆ. ಒತ್ತಿದೆ.

"ಅಕ್ಕಾ, ನಿನ್ನೆ ನೋಡಿದ್ಯೋ ಇಲ್ಲೊ? ಏನಾತದು!" ಮಾವಶಿಯ ದನಿ ಎಂದಿನಂತೆ ಗೆಲುವಾಗಿತ್ತು. ಆ ಗೆಲುವು ಎಷ್ಟು ಕಷ್ಟದ್ದೆಂದು ಅಂದು ಮೊದಲ ಸಲ ಕೇಳಿಸಿತು.

ಅತ್ತೆ ಗಂಟಲು ಸರಿಮಾಡಿಕೊಂಡರು. ಪರದೆಯ ಮೇಲೆ ನನ್ನ ಪುಟವಿರಲಿಲ್ಲ, ಟಿವಿ ಖಾಲಿ ಇತ್ತು.

"ನೋಡಿದೆ. ನಿನ್ನೆ ಭಾಳ ಚಲೋ ಇತ್ತು ಬಿಡು. ಆ ಸಣ್ಣ ಸೊಸಿ ಇದ್ದಾಳಲ್ಲ, ತಾನ ಬಂದು ಅತ್ತಿ ಕೈ ಹಿಡದು, ಬರ್ರಿ ಅಂತ ಕರಕೊಂಡು ಹೋದ್ಲು. ನಡಮನ್ಯಾಗ ಕುರ್ಚಿ ಹಾಕಿ ಕೂಡಿಸಿದ್ಲು. ಬೆನ್ನಿಗೆ ತಲಿದಿಂಬು ಕೊಟ್ಲು. ಇಲ್ಲೇ ಕೂಡ್ರಿ, ಇದು ನಿಮ್ಮ ಜಾಗಾ ಅಂದ್ಲು."

ಆ ಕಡೆ ಏನೂ ಕೇಳಿಸಲಿಲ್ಲ. ಲೈನ್ ಕಟ್ಟಾಯಿತೇನೋ ಎಂದು ನಾನು ಬಗ್ಗಿ ನೋಡಿದೆ.

"ಹೌದಕ್ಕಾ" ಎಂದರು ಮಾವಶಿ ಕಡೆಗೆ. "ನಾನೂ ನೋಡಿದೆ." ಆಮೇಲೆ ದನಿ ಒಡೆಯಿತು. "ಅಕ್ಕಾ, ನಾಳೆ ಏನಾಗ್ತದ?"

ನಿನ್ನೆಯದನ್ನೇ ಕೇಳುತ್ತಿದ್ದವರು ನಾಳೆಯದನ್ನು ಕೇಳಿದ್ದು ಅದೇ ಮೊದಲು. ಅತ್ತೆ ತವೆಯ ಮೇಲಿನ ಚಪಾತಿ ಬಿಟ್ಟು ಹೊಸ್ತಿಲು ದಾಟಿ ಬಂದರು. ನಾನು ಮಡಿಗೆ ಹೆದರಿ ಹಿಂದೆ ಸರಿದೆ. ಅವರು ಹಿಟ್ಟಿನ ಕೈಯಿಂದಲೇ ರಿಸೀವರ್ ಎತ್ತಿ ಕಿವಿಗೆ ಹಿಡಿದರು. ಸ್ಪೀಕರ್ ನಿಂತಿತು. ನನಗೆ ಬೆನ್ನು ತಿರುಗಿಸಿ ಬಹಳ ಹೊತ್ತು ಮೆಲ್ಲಗೆ ಮಾತಾಡಿದರು. ಏನು ಹೇಳಿದರೋ ನನಗೆ ಇಂದಿಗೂ ಗೊತ್ತಿಲ್ಲ. ತವೆಯ ಮೇಲಿನ ಚಪಾತಿ ಕಪ್ಪಾಯಿತು.

ಆಮೇಲೆ ಅತ್ತೆ ಎರಡನೆಯ ಸಲ ಸ್ನಾನ ಮಾಡಿ, ಮತ್ತೆ ಮಡಿಯುಟ್ಟು, ಅಡಿಗೆಯನ್ನೆಲ್ಲ ಮೊದಲಿನಿಂದ ಮಾಡಿದರು. ನೈವೇದ್ಯಕ್ಕೆ ಒಂದೂವರೆಯಾಯಿತು. ನನ್ನ ಲೋಕಲ್ ತಪ್ಪಿತು, ಕಾಲೇಜಿಗೆ ರಜೆ ಹಾಕಿದೆ. ಊಟಕ್ಕೆ ಬಡಿಸುತ್ತ ಅತ್ತೆ ನನ್ನ ಮುಖ ನೋಡದೆ ಹೇಳಿದರು.

"ನಾಳಿನ ಕತಿಗೆ ಆ ಬಾಟ್ಲಿ ತರಬ್ಯಾಡ. ಆ ಮನ್ಯಾಗ ಇನ್ನ ಯಾರಿಗೂ ವಿಷಾ ಬ್ಯಾಡ."